ಹಿಮ್ಮಡಿ ಎತ್ತಿದ ದಿನ

ಬೀರು ಸರಿಸಿದಾಗ ಹಿಂದೆ ಬೆಣೆಯಂಥ ರಬ್ಬರ್ ತುಂಡೊಂದು ಸಿಕ್ಕಿತು. ನೀವಾಗಿದ್ದರೆ ಕಸಕ್ಕೆ ಎಸೆಯುತ್ತಿದ್ದಿರಿ. ನಾನು ಅದನ್ನು ಹಿಡಿದುಕೊಂಡು ಗಂಗವ್ವನನ್ನು ನೆನೆಯುತ್ತ ಕುಳಿತೆ.

ನಾಲ್ಕು ವರ್ಷದ ಹಿಂದಿನ ಮಾತು. ಪೀಣ್ಯದ ನಮ್ಮ ಕಾರ್ಖಾನೆಯ ವಾಲಿಬಾಲ್ ಪಂದ್ಯದಲ್ಲಿ, ನನಗೆ ನಲವತ್ತಾರು ಎಂಬುದನ್ನು ಮರೆತು ಚೆಂಡಿಗೆ ನೆಗೆದೆ. ಕಾಲಿನಲ್ಲಿ ಟಪ್ ಎಂದಿತು. "ಯಾಕೋ ಒದ್ದೆ?" ಎಂದು ಹಿಂದೆ ತಿರುಗಿ ನಮ್ಮ ತಂಡದ ಮಂಜುನಾಥನಿಗೆ ಬೈದೆ. ಅವನು ಆರಡಿ ದೂರದಲ್ಲಿದ್ದ. "ನನ್ ಕಾಲು ಅಷ್ಟುದ್ದ ಇದ್ಯಾ ಗುರು?" ಎಂದ.

ಹರಿದದ್ದು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು. ಡಾಕ್ಟರು ಹೊಲಿದು, ಪಾದ ಕೆಳಮುಖವಾಗಿರುವಂತೆ ಪ್ಲಾಸ್ಟರ್ ಹಾಕಿದರು. ಆಮೇಲೆ ಎತ್ತರದ ಬೂಟು. ಅದರೊಳಗೆ ಹಿಮ್ಮಡಿಯಡಿ ಈ ರಬ್ಬರ್ ಬೆಣೆಗಳು. ಒಂದೆರಡು ವಾರಕ್ಕೊಂದರಂತೆ ತೆಗೆಯಬೇಕು.

ಬೂಟು ಕಳಚಿದ ಮೇಲೆ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಗಂಗವ್ವ ಸಿಕ್ಕಳು. ಯಾದಗಿರಿ ಕಡೆಯವಳು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ. ಇಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಅವಳಿಗೂ ಅದೇ ರಜ್ಜು ಹರಿದಿತ್ತು. ಅವಳದನ್ನು ಹೊಲಿಯದೆ ಪ್ಲಾಸ್ಟರಿನಲ್ಲೇ ಕೂಡಿಸಿದ್ದರು. "ಕುಂಟಿಗೆ ಕೆಲಸ ಇಲ್ಲ" ಎಂದಿದ್ದನಂತೆ ಮೇಸ್ತ್ರಿ.

"ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿದ್ರೆ ಗೆದ್ದಂಗೆ" ಎಂದರು ವ್ಯಾಯಾಮ ಮಾಡಿಸುತ್ತಿದ್ದ ಮೇಡಂ. ಕೇಳಲು ಎಷ್ಟು ಸುಲಭ! ತಿಂಗಳುಗಟ್ಟಲೆ ನಮ್ಮಿಬ್ಬರ ಹಿಮ್ಮಡಿಯೂ ನೆಲ ಬಿಡಲಿಲ್ಲ. ಮತ್ತೆ ಹರಿದೀತೆಂಬ ಭಯಕ್ಕೆ ನಾನು ಕೈಯಿಂದ ಗೋಡೆ ಒತ್ತಿ ಮೇಲೇಳಲು ನೋಡುತ್ತಿದ್ದೆ.

"ಗ್ವಾಡಿ ಯಾಕ ದಬ್ಬಾಕತ್ತೀರಿ ಸರ? ಅದೇನ್ ಮಾಡೇತಿ ನಿಮಗ?" ಎಂದು ಗಂಗವ್ವ ನಕ್ಕಳು.

ಒಂದು ಬೆಳಿಗ್ಗೆ ಅವಳ ಹಿಮ್ಮಡಿ ಮೇಲೆದ್ದಿತು. ಮೀನಖಂಡ ನಡುಗುತ್ತಿತ್ತು. ಒಂದು, ಎರಡು, ಮೂರು, ಕೋಣೆಯಲ್ಲಿದ್ದವರೆಲ್ಲ ಎಣಿಸಿದರು. ಹತ್ತಕ್ಕೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಈಗ ಬರ್ಲಿ ಮೇಸ್ತ್ರಿ!" ಎಂದಳು. ನಾನೂ ಗೋಡೆ ಬಿಟ್ಟೆ. ಒಂದೇ ಬೆರಳಗಲ ಎದ್ದೆ. ಪರ್ವತ ಹತ್ತಿದಷ್ಟು ಬೀಗಿದೆ.

ಇಂದು ಅವಳಿಗೆ ಫೋನು ಮಾಡಿದೆ. ಹಿಂದೆ ಸುತ್ತಿಗೆಯ ಸದ್ದು.

"ಆರನೇ ಅಂತಸ್ತಿನಾಗ ಅದೀನ್ರಿ ಸರ! ಲಿಫ್ಟ್ ಇನ್ನಾ ಕುಂದ್ರಿಸಿಲ್ಲ. ಈಗ ನಾನಽ ಮೇಸ್ತ್ರಿ! ನಿಮ್ಮ ಕಾಲು ಹೆಂಗೈತಿ?"

"ಗಟ್ಟಿಯಾಗಿದೆ" ಎಂದೆ. ಸುಳ್ಳಲ್ಲ. ಆದರೆ ರಜ್ಜು ಹರಿದಂದಿನಿಂದ ಒಮ್ಮೆಯೂ ಓಡಿರಲಿಲ್ಲ.

ಸಂಜೆ ನಿಲ್ದಾಣಕ್ಕೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಬಸ್ಸು ಹೊರಡಲು ಸಿದ್ಧವಾಗಿತ್ತು. ಓಡಿದೆ. ಹಿಮ್ಮಡಿ ಎತ್ತಿ, ಎರಡೂ ಕಾಲಲ್ಲಿ ಓಡಿ ಹತ್ತಿದೆ.

"ಯಾಕ್ ಸಾರ್ ಓಡಿದ್ರಿ? ಹಿಂದೇನೇ ಖಾಲಿ ಬಸ್ ಬರ್ತಿತ್ತಲ್ಲ" ಎಂದ ಕಂಡಕ್ಟರ್.

"ಓಡಕ್ಕಾಗತ್ತಲ್ಲಪ್ಪ, ಅದಕ್ಕೆ" ಎಂದೆ.