ಎಗ್ಮೋರ್ ಮ್ಯೂಸಿಯಂನಲ್ಲಿ ಹೆಣ್ಣು ನೋಡುವ ಶಾಸ್ತ್ರ

ವಡಪಳನಿಯ ಆಸುಪಾಸಿನವರು ಹೆಣ್ಣು ತೋರಿಸುವುದಿದ್ದರೆ ಮುರುಗನ ಗುಡಿಗೆ ಹೋಗುತ್ತಾರೆ. ದೇವರ ದರ್ಶನವೂ ಆಯಿತು, ಹತ್ತಿರದಲ್ಲೇ ಕಾಫಿಯೂ ಆಯಿತು. ವಿಮೆ ಕಂಪನಿಯಿಂದ ನಿವೃತ್ತರಾದ ಪರಮೇಶ್ವರಪ್ಪನವರಿಗೆ ಮಾತ್ರ ಅದು ತೀರಾ ಸಾಮಾನ್ಯರ ಪದ್ಧತಿ. ತಮ್ಮ ಮಗಳು ಶಿಲ್ಪಶ್ರೀಯನ್ನು ಎಗ್ಮೋರ್ ಮ್ಯೂಸಿಯಂನಲ್ಲಿ ತೋರಿಸುವುದೆಂದು ಅವರು ಘೋಷಿಸಿಬಿಟ್ಟರು.

"ಶುಕ್ರವಾರ ಛಲೋ ದಿನ ಅದ ನೋಡ್ರಿ" ಎಂದಳು ಹೆಂಡತಿ ಜಗದೇವಿ.

ಮ್ಯೂಸಿಯಂಗೆ ಶುಕ್ರವಾರವೇ ರಜೆ. ಪಂಚಾಂಗ ಸೋತು ಭಾನುವಾರ ಗೆದ್ದಿತು.

ಮ್ಯೂಸಿಯಂ ತೋರಿಸುವುದು ಪರಮೇಶ್ವರಪ್ಪನವರ ವ್ರತವಾಗಿತ್ತು. ಕಲಬುರಗಿ ಕಡೆಯಿಂದ ನೆಂಟರು ಯಾರೇ ಪೋರೂರಿನ ಆಸ್ಪತ್ರೆಗೆ ಬರಲಿ, ಮರುದಿನ ಅವರನ್ನು ಎಗ್ಮೋರಿಗೆ ಎಳೆದೊಯ್ಯುತ್ತಿದ್ದರು. ಮೊಣಕಾಲು ನೋವಿನವರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು, ಯಾರಿಗೂ ವಿನಾಯಿತಿ ಇರಲಿಲ್ಲ. ಇತ್ತೀಚೆಗೆ ನೆಂಟರು ಸುದ್ದಿಯೇ ಕೊಡದೆ ಬಂದು, ಕದ್ದು ಆಪರೇಷನ್ ಮಾಡಿಸಿಕೊಂಡು ಊರು ಸೇರತೊಡಗಿದ್ದರು. ತಾವು ಒಳ್ಳೆಯ ಡಾಕ್ಟರನ್ನು ಹೇಳಿದ್ದರಿಂದಲೇ ನೆಂಟರೆಲ್ಲ ಗುಣವಾಗಿ ಬರುವುದು ನಿಂತಿತೆಂದು ಪರಮೇಶ್ವರಪ್ಪ ನಂಬಿದ್ದರು.

ಶಿಲ್ಪಶ್ರೀಗೆ ಹಿಂದೆ ಬಂದ ಎರಡು ಸಂಬಂಧಗಳು ತಪ್ಪಿದ್ದೂ ಈ ವಿದ್ವತ್ತಿನಿಂದಲೇ. ಒಬ್ಬ ವರನ ಕಡೆಯವರು ಶಾಸನಗಳ ಮೇಲಿನ ಉಪನ್ಯಾಸ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ತಣ್ಣಗಾಯಿತೆಂದು ಎದ್ದರು. ಇನ್ನೊಬ್ಬರು ಉಪ್ಪಿಟ್ಟು ಬರುವವರೆಗೂ ಕಾಯಲಿಲ್ಲ.

ಆಟೊದಲ್ಲಿ, ತಮಿಳಿನ ನಡುವೆಯೇ ಬೆಳೆದ ಮಗಳು ಅಪ್ಪನ ಕೈ ಹಿಡಿದುಕೊಂಡಳು. "ಅಪ್ಪಾ, ಇವತ್ತು ಲೆಕ್ಚರ್ ವೇಂಡಾಮ್, ಪ್ಲೀಸ್. ನನ್ನ ಪಕ್ಕ ನಿಂತ್ರೆ ಸಾಕು. ಎನಕ್ಕು ಭಯಮಾ ಇರುಕ್ಕು."

"ನಾ ಬಾಯೇ ತೆಗ್ಯಾಂಗಿಲ್ಲವ್ವ" ಎಂದರು ಪರಮೇಶ್ವರಪ್ಪ. ಮನಸ್ಸಾರೆ ಹೇಳಿದ ಮಾತದು. ಹುಡುಗಿ ಒಪ್ಪಿಗೆಯಾದರೆ ಹುಡುಗನ ತಾಯಿ ಮುಡಿಗೆ ಹೂ ಇಡುವುದು ಅವರಲ್ಲಿ ನಡೆದುಬಂದದ್ದು. ಆಮೇಲೆ ಮಾತು ಬದಲಿಸುವಂತಿಲ್ಲ. ಆ ಗಳಿಗೆಯಲ್ಲಿ ಮಗಳ ಪಕ್ಕ ನಿಂತು ತಲೆಯ ಮೇಲೆ ಕೈಯಿಡಬೇಕೆಂದು ಅವರು ವಾರದಿಂದ ಕನಸು ಕಾಣುತ್ತಿದ್ದರು. ಒಬ್ಬಳೇ ಮಗಳು, ಅವಳೆಂದರೆ ಅವರಿಗೆ ಜೀವ.

ಹುಡುಗ ಪ್ರಭುದೇವ, ಅವನ ತಾಯಿ ತುಂಗಾ ಮತ್ತು ರೈಲ್ವೆಯಿಂದ ನಿವೃತ್ತರಾದ ತಂದೆ ಗೇಟಿನಲ್ಲೇ ಕಾದಿದ್ದರು. ಪರಮೇಶ್ವರಪ್ಪ ಕೈ ಮುಗಿದರು, ನಕ್ಕರು, ಬಾಯಿ ಮುಚ್ಚಿಕೊಂಡರು. ಶಿಲ್ಪಶ್ರೀಗೆ ಉಸಿರು ಬಂತು. ಕಂಚಿನ ಮೂರ್ತಿಗಳ ಕಟ್ಟಡದವರೆಗೂ ಆ ಪವಾಡ ನಡೆಯಿತು.

ಅಲ್ಲಿ ಹುಡುಗನ ತಂದೆ ಒಂದು ಶಿವನ ಮೂರ್ತಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಇದು ಪಲ್ಲವರ ಕಾಲದ್ದು."

ಪರಮೇಶ್ವರಪ್ಪನವರ ಕಿವಿ ಕೆಂಪಾಯಿತು. ಮಗಳ ಕಡೆ ಒಮ್ಮೆ ನೋಡಿದರು, ಮೂರ್ತಿಯ ಕಡೆ ಒಮ್ಮೆ ನೋಡಿದರು. "ಏನ್ ಮಾತಾಡ್ತೀರಿ ಯಜಮಾನ್ರೇ! ಚೋಳರದ್ದು ಇದು. ಆ ಸೊಂಟ ನೋಡ್ರಿ!"

ಮೂರ್ತಿಯ ಕಾಲ ಯಾವುದೆಂದು ಪಕ್ಕದ ಫಲಕದಲ್ಲಿ ಬರೆದಿತ್ತು. ಇಬ್ಬರು ವಿದ್ವಾಂಸರೂ ಅಷ್ಟು ಕೆಳಮಟ್ಟಕ್ಕೆ ಬಗ್ಗಲಿಲ್ಲ. ಸೊಂಟದಿಂದ ಜಟೆಗೆ, ಜಟೆಯಿಂದ ಜನಿವಾರಕ್ಕೆ ವಾದ ಬೆಳೆಯಿತು. ಮೊದಲ ಬಾರಿಗೆ ತಮಗೊಬ್ಬ ಸರಿಸಮನಾದ ವೈರಿ ಸಿಕ್ಕಿದ್ದಕ್ಕೆ ಪರಮೇಶ್ವರಪ್ಪನವರಿಗೆ ಒಳಗೊಳಗೇ ಹಬ್ಬ.

ಈ ಕಡೆ ಜಗದೇವಿ ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದಳು. ಅವಳಿಗೆ ಯಾವ ಕಾಲದ ದೇವರಾದರೂ ದೇವರೇ. ಕೈಚೀಲದಿಂದ ಮಲ್ಲಿಗೆ ದಂಡೆ ತೆಗೆದು ಪಾರ್ವತಿಯ ಗಾಜಿನ ಪೆಟ್ಟಿಗೆಯ ಮೇಲಿಡಲು ಹೋದಳು. ಕಾವಲಿನವನು ಓಡಿಬಂದ.

"ಅಮ್ಮಾ, ಇಂಗೇ ಪೂ ವೆಕ್ಕಕ್ಕೂಡಾದು!"

"ಇಡಾಂಗಿಲ್ಲೇನ್ರಿ? ಪಾಪ, ಈಕೀಗಿ ಯಾರೂ ಹೂ ಏರಿಸಿಲ್ಲಲ್ರೀ" ಎಂದು ಜಗದೇವಿ ದಂಡೆಯನ್ನು ದೂರದಿಂದಲೇ ಎತ್ತಿ ತೋರಿಸಿ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ತುಂಗಾ ಕೂಡ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು.

ಅಷ್ಟರಲ್ಲಿ ಶಿಲ್ಪಶ್ರೀ, ಪ್ರಭುದೇವ ಕಿಟಕಿಯ ಬಳಿ ಮಾತಾಡುತ್ತಾ ನಕ್ಕದ್ದು ಕೇಳಿಸಿತು. ತುಂಗಾ ಮಗನ ಮುಖ ನೋಡಿದರು. ಅವನು ತಲೆಯಾಡಿಸಿದ.

"ದೇವೀಗಿ ತೋರ್ಸಿದ ಹೂ ಅದ. ಮುಡಿಸ್ಲೇನವ್ವ?" ಎಂದು ಜಗದೇವಿಯ ಕೈಯಿಂದ ದಂಡೆ ತೆಗೆದುಕೊಂಡು ಶಿಲ್ಪಶ್ರೀಯನ್ನು ಕೇಳಿದರು.

ಅವಳು ಅಪ್ಪನಿಗಾಗಿ ಸುತ್ತ ನೋಡಿದಳು. ಜಗದೇವಿ ಗಂಡನನ್ನು ಕೂಗಿದಳು. ಮತ್ತೊಮ್ಮೆ ಕೂಗಿದಳು. ಪರಮೇಶ್ವರಪ್ಪ ತಿರುಗಿ ನೋಡದೆಯೇ ಕೈಯೆತ್ತಿ "ಒಂದ್ ನಿಮಿಷ" ಎಂದರು. ಶಿಲ್ಪಶ್ರೀ ತಲೆ ಬಾಗಿಸಿದಳು.

ವಾದ ಗೆದ್ದೆನೆಂಬ ಭಾವದಲ್ಲಿ ಪರಮೇಶ್ವರಪ್ಪ ಬಂದಾಗ ಮಗಳ ಮುಡಿಯಲ್ಲಿ ಮಲ್ಲಿಗೆಯಿತ್ತು. ಅವರ ಮುಖ ಸಣ್ಣದಾಯಿತು.

"ಯಾವಾಗ ಮುಡಿಸಿದ್ರು? ನನ್ನ ಕರೀಬೇಕಿಲ್ಲೇನು?"

"ಕರದೀನಲ್ಲ. ಒಂದ್ ನಿಮಿಷ ಅಂದ್ರಿ" ಎಂದಳು ಜಗದೇವಿ.

ತಲೆ ಮೇಲೆ ಇಡಲು ಎತ್ತಿದ ಕೈಯನ್ನು ಅವರು ಹಾಗೇ ಇಳಿಸಿಕೊಂಡರು.

ಮರಳುವಾಗ ಆಟೊ ವಡಪಳನಿ ತಲುಪುವವರೆಗೂ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮದುವೆಯಾದಾಗಿನಿಂದ ಜಗದೇವಿ ಬೇಡಿಕೊಂಡಿದ್ದು ಕೊನೆಗೂ ಕೈಗೂಡಿತ್ತು, ಆದರೆ ಆ ಮೌನವನ್ನು ಅವಳಿಗೇ ತಡೆಯಲಾಗಲಿಲ್ಲ. ಮಗಳ ಕಡೆ ಕಣ್ಸನ್ನೆ ಮಾಡಿದಳು.

ಶಿಲ್ಪಶ್ರೀ ಅಪ್ಪನ ಭುಜಕ್ಕೆ ಒರಗಿದಳು. "ಅಪ್ಪಾ, ಸೊಲ್ಲುಂಗ. ಆ ಮೂರ್ತಿ ಯಾವ ಕಾಲದ್ದು?"

ಪರಮೇಶ್ವರಪ್ಪ ಅವಳ ಮುಡಿಯ ಹೂವನ್ನೇ ನೋಡುತ್ತಿದ್ದರು.

"ನಾ ನೋಡ್ಲೇ ಇಲ್ಲವ್ವ" ಎಂದರು.