ಆಪರೇಷನ್ ಯಾರ ತೀರ್ಮಾನ

ಆರ್.ಟಿ. ನಗರದ ನಮ್ಮ ಮನೆಗೆ ಹೋದ ತಿಂಗಳು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಈ ಕಡೆಯ ಸಂಸಾರಗಳು ಹೇಗೆ ಚಿಕ್ಕವಾದವು ಎಂಬುದು ಅವಳ ವಿಷಯ. ನಾನೇ ಉತ್ಸಾಹದಿಂದ ಕುರ್ಚಿ ಎಳೆದು ಕೂತೆ.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಆಂಟಿ ಒಬ್ರನ್ನೇ ಮಾತಾಡಿಸ್ಬೇಕು. ಗಂಡಂದಿರು ಇದ್ರೆ ಅವರೇ ಉತ್ತರ ಹೇಳ್ಬಿಡ್ತಾರೆ."

"ಹೋಗ್ರೀ, ಹಾಲು ತನ್ನಿ," ಎಂದು ನನ್ನ ಹೆಂಡತಿ ನಕ್ಕಳು.

ಹಾಲಿಗೆ ಹೋಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತೆ, ಎದ್ದೆ, ಚಪ್ಪಲಿಗಳನ್ನು ಜೋಡಿಸಿದೆ. ಕನ್ನಡಕ ಬೇಕೆಂದು ಒಳಗೆ ಹೋಗಿ ಬಂದೆ. ಅದು ಜೇಬಿನಲ್ಲೇ ಇತ್ತು. ತೆರೆದ ಕಿಟಕಿಯಿಂದ ಹೆಂಡತಿಯ ಮಾತು ಕೇಳುತ್ತಿತ್ತು. ಇಬ್ಬರು ಗಂಡುಮಕ್ಕಳು ಎಂದಳು. ಆಮೇಲೆ ಆಪರೇಷನ್ ಆಯಿತು ಎಂದಳು.

ಎರಡನೆಯವನು ಹುಟ್ಟಿದಾಗ ಡಾಕ್ಟರು, ಗಂಡಸಿನ ಆಪರೇಷನ್ನೇ ಸುಲಭ ಎಂದಿದ್ದರು. ನಾನು ಮಾಡಿಸಿಕೊಳ್ಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಕಾರ್ಖಾನೆಯಲ್ಲಿ ಜೊತೆಯವನೊಬ್ಬನಿಗೆ ಬಾಯಿಬಿಟ್ಟೆ.

"ಏನ್ ಗುರು, ಎತ್ತಾಗ್ತೀಯಾ? ಹಂಗಾದ್ರೆ ಹೆಬ್ಬಾಳದ ದನದ ಆಸ್ಪತ್ರೆಗೇ ಹೋಗು, ಬೇಗ ಮುಗಿಸ್ತಾರೆ!"

ಇಡೀ ಕ್ಯಾಂಟೀನು ನಕ್ಕಿತು. ನಾನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಬಾಣಂತನ ಮುಗಿಯದ ಅವಳನ್ನೇ ಕಳಿಸಿದೆ. ಇನ್ನೂ ಮೊಮ್ಮಕ್ಕಳು ಬೇಕೆನ್ನುತ್ತಿದ್ದ ಅಮ್ಮನಿಗೆ, ಅವಳೇ ಹಟ ಹಿಡಿದು ಮಾಡಿಸಿಕೊಂಡಳು ಎಂದೆ. ಅಮ್ಮ ಸಾಯುವವರೆಗೂ ಅವಳನ್ನು ಹಂಗಿಸುತ್ತಲೇ ಇದ್ದಳು. ನಾನು ಅಲ್ಲೇ ಕೂತು ಊಟ ಮಾಡುತ್ತಿದ್ದೆ. ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಿರಲಿಲ್ಲ.

"ಆಪರೇಷನ್ ಯಾರ ತೀರ್ಮಾನ, ಆಂಟಿ?" ಹುಡುಗಿ ಕೇಳಿದಳು.

"ಇಬ್ರದೂ ಕಣಮ್ಮ."

ತಡೆಯಲಾಗಲಿಲ್ಲ. ಒಳಗೆ ನುಗ್ಗಿದೆ. "ಅಲ್ಲ, ನಂದು. ನಾನು ಹೆದರ್ಕೊಂಡು ಇವಳನ್ನ ಕಳಿಸ್ದೆ. ಅಮ್ಮನ ಹತ್ರ ಸುಳ್ಳು ಹೇಳ್ದೆ. ಬರ್ಕೊಳ್ಳಮ್ಮ."

ಹುಡುಗಿ ಪೆನ್ನು ಅಲ್ಲಾಡಿಸಲಿಲ್ಲ. "ಸಾರಿ ಅಂಕಲ್. ನಾನು ಕೇಳ್ತಿರೋದು ಆಂಟೀನ. ನೀವು ಹೇಳಿದ್ದು ಬರ್ಕೊಳ್ಳೋ ಹಾಗಿಲ್ಲ."

ಹೆಂಡತಿ ನನ್ನನ್ನೇ ನೋಡಿದಳು. "ನಿಮ್ಮಮ್ಮ ಇದ್ದಾಗ ಈ ಬಾಯಿ ಎಲ್ಲಿತ್ತು?"

ಅವಳು ಹುಡುಗಿಯ ಕಡೆ ತಿರುಗಿದಳು. "ಆಗ್ಲೇ ಹೇಳಿದ್ದು ಹೊಡೆದಾಕಮ್ಮ. ಮೊದಲಿಂದ ಹೇಳ್ತೀನಿ. ನೀವು ಆಚೆ ಹೋಗ್ರೀ."

ಹೋದೆ. ಅವಳೇ ಎದ್ದು ಬಂದು ಬಾಗಿಲು ಹಾಕಿದಳು, ಕಿಟಕಿಯನ್ನೂ ಮುಚ್ಚಿದಳು. ಒಳಗೆ ಅವಳ ದನಿ ಬಹಳ ಹೊತ್ತು ಏರುತ್ತ ಇಳಿಯುತ್ತ ಇತ್ತು. ಒಂದು ಮಾತೂ ತಿಳಿಯಲಿಲ್ಲ. ಏನು ಹೇಳಿದೆ ಎಂದು ಕೇಳಲು ಇವತ್ತಿಗೂ ನನಗೆ ಧೈರ್ಯ ಬಂದಿಲ್ಲ.