ಸಣ್ಣಕ್ಕ ಟೇಪು ಹಿಡಿದು ಮನೆ ಕೊಂಡದ್ದು

ಚನ್ನರಾಯಪಟ್ಟಣದ ಹುಡುಗಿಯರ ಹಾಸ್ಟೆಲಿನಲ್ಲಿ ಸಣ್ಣಕ್ಕ ಅಡುಗೆಗೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷವೂ ಬಾಡಿಗೆ ಮನೆಯೇ. ಗಂಡ ಮಂಚಯ್ಯ ತೀರಿಕೊಂಡ ಮೇಲೆ ಕೂಡಿಟ್ಟ ದುಡ್ಡು, ಹಾಸನದಲ್ಲಿ ನರ್ಸ್ ಆಗಿರುವ ಮಗಳು ತೇಜಶ್ರೀಯ ಹೆಸರಿನಲ್ಲಿ ಸಿಗುವ ಸಾಲ, ಎರಡೂ ಸೇರಿದರೆ ಸಣ್ಣದೊಂದು ಮನೆ ಆಗುತ್ತಿತ್ತು.

ಬ್ರೋಕರೊಬ್ಬ ಎರಡು ಮನೆ ತೋರಿಸಿದ. ಎರಡನೆಯದರ ಗೇಟಿನ ಮುಂದೆ ದನಿ ತಗ್ಗಿಸಿ, "ಓನರ್ ಕೇಳಿದ್ರೆ ಬಾಗೂರು ಕಡೆಯೋರು ಅಂತ ಅಷ್ಟೇ ಅನ್ನಿ. ಯಾವ ಜನ ಅಂತ ಬಾಯಿಬಿಡ್ಬ್ಯಾಡಿ" ಎಂದ. ಸಣ್ಣಕ್ಕ ಗೇಟು ದಾಟಲೇ ಇಲ್ಲ.

"ಬಚ್ಚಿಟ್ಕಂಡು ಸೇರ್ಕಳೋ ಮನೇಲಿ ನೆಮ್ಮದಿಯಾಗಿ ಇರಾಕಾಯ್ತದಾ? ನಾನೇ ಉಡುಕ್ತೀನಿ ಬುಡು" ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳು.

ಮಧ್ಯಾಹ್ನದ ಊಟ ಬಡಿಸಿ ಮುಗಿದರೆ ಸಂಜೆ ಕಾಫಿಯವರೆಗೆ ಅವಳಿಗೆ ಬಿಡುವು. ಆ ಹೊತ್ತಿನಲ್ಲಿ ಬೀದಿ ಬೀದಿ ತಿರುಗಿದಳು. ಅಂಗಡಿ, ಟೈಲರ್, ಹಿಟ್ಟಿನ ಗಿರಣಿ, ಎಲ್ಲ ಕಡೆ ಒಂದೇ ಪ್ರಶ್ನೆ. ಹದಿನೈದು ದಿನದ ಮೇಲೆ ಗಿರಣಿಯಲ್ಲಿ ಸುಳಿವು ಸಿಕ್ಕಿತು. ಸ್ಕೂಲಿನಿಂದ ರಿಟೈರಾದ ಮೇಡಂ ಗಂಗಾಂಬಿಕೆ ಮನೆ ಮಾರಿ ಅರಕಲಗೂಡಿನ ತಂಗಿಯ ಹತ್ತಿರ ಹೋಗುತ್ತಾರಂತೆ.

ಸಣ್ಣಕ್ಕ ನೆಟ್ಟಗೆ ಹೋಗಿ ಬಾಗಿಲು ತಟ್ಟಿದಳು. ಕೂರುವ ಮೊದಲೇ, "ಮೇಡಂ, ನಾವು ಯಾವ ಜನ ಅಂತ ಈಗ್ಲೇ ಯೋಳ್ಬುಡ್ತೀನಿ. ಆಮ್ಯಾಕೆ ಮಾತು ಬರಬಾರ್ದು" ಎಂದಳು.

ಗಂಗಾಂಬಿಕೆ ಕನ್ನಡಕ ತೆಗೆದು ನೋಡಿದರು. "ನಾನು ಮಾರೋಳು, ನೀವು ತಗೊಳ್ಳೋರು. ಅದನ್ನ ಯಾಕಮ್ಮ ಮಧ್ಯೆ ತರ್ತೀರಿ? ಕೂತ್ಕೊಳ್ಳಿ."

ಆಮೇಲೆ ಮನೆ ತೋರಿಸಿದ ರೀತಿಯೇ ಬೇರೆ. "ಈ ಮೂಲೆ ಮಳೆಗಾಲದಲ್ಲಿ ಜಿನುಗುತ್ತೆ. ಹಿಂದಿನ ಬಾಗಿಲು ಉಬ್ಬಿಕೊಳ್ಳುತ್ತೆ, ಒದ್ದರೇನೇ ಮುಚ್ಚೋದು." ಮಾರುವವರೇ ತಮ್ಮ ಮನೆಯ ತಪ್ಪು ಎಣಿಸುವುದನ್ನು ಕೇಳಿ ಸಣ್ಣಕ್ಕನಿಗೆ ನಗು ಬಂತು. ಆದರೂ ಅವಳು ಬಿಡಲಿಲ್ಲ. ನಲ್ಲಿ ನೀರು ಬರುವ ಬೆಳಿಗ್ಗೆ ಬಂದಳು, ಮಳೆ ಹೊಯ್ಯುವಾಗ ಕೊಡೆ ಹಿಡಿದು ಬಂದಳು. ಒಂದು ಭಾನುವಾರ, "ಒಂದೊತ್ತು ಅಡ್ಗೆ ಮಾಡಿ ನೋಡ್ಲಾ?" ಎಂದು ಕೇಳಿಯೇಬಿಟ್ಟಳು. ಮುದ್ದೆ, ಉಪ್ಸಾರು ಮಾಡಿದಳು. ಗಂಗಾಂಬಿಕೆ ಎದುರು ಕೂತು ಉಂಡರು, ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ಆ ಅರ್ಧ ಮುದ್ದೆಗೆ ಸಣ್ಣಕ್ಕ ಕೇಳದೆಯೇ ಇನ್ನೊಂದು ಸೌಟು ಸಾರು ಬಿಟ್ಟಳು.

ತೇಜಶ್ರೀ ರಜೆ ಹಾಕಿ ಬಂದು, ಮನೆ ಮೇಲೆ ಸಾಲಸೋಲ ಇಲ್ಲವೆಂದು ತೋರಿಸುವ ಇ.ಸಿ. ತೆಗೆಸಿ, ಖಾತೆ, ಕಂದಾಯದ ರಸೀದಿ ನೋಡಿದಳು. ಎಲ್ಲ ಸರಿಯಿತ್ತು. ಸಣ್ಣಕ್ಕ ಮಾತ್ರ ಟೇಪು ತರಿಸಿ ಸೈಟು ಅಳೆಸಿದಳು. ಕಾಗದದಲ್ಲಿ ಮೂವತ್ತಡಿ ಅಗಲ, ಟೇಪಿನಲ್ಲಿ ಇಪ್ಪತ್ತೆಂಟು. ಮೂರು ಸಲ ಅಳೆದರೂ ಅಷ್ಟೇ. ಪಕ್ಕದ ಮನೆ ದೇವರಾಜ್‌ ಅವರ ಬಚ್ಚಲುಮನೆ ಎರಡಡಿ ಈಚೆಗೆ ಬಂದು ಕೂತಿತ್ತು.

ಗಂಗಾಂಬಿಕೆ ಬೆಪ್ಪಾದರು. "ಇಷ್ಟು ವರ್ಷ ಇದ್ದೂ ನನಗೆ ಗೊತ್ತಾಗ್ಲಿಲ್ಲವಲ್ಲ!"

ಮೂವರೂ ಹೋಗಿ ದೇವರಾಜ್‌ ಅವರ ಬಾಗಿಲಲ್ಲಿ ನಿಂತರು. ಅವರು ಮೊದಲು ರೇಗಿದರು. ಟೇಪಿನ ಇನ್ನೊಂದು ತುದಿ ಅವರ ಕೈಗೇ ಕೊಟ್ಟಾಗ ತಣ್ಣಗಾದರು. "ನಮ್ಮಪ್ಪ ಕಟ್ಸಿದ್ದು ಕಣಮ್ಮ. ಈಗ ಒಡ್ಸಿಬಿಟ್ರೆ ನಾವೆಲ್ಲಿ ಸ್ನಾನ ಮಾಡೋದು?"

"ಒಡೀಬ್ಯಾಡಿ ಸಾ. ನನ್ಗೆ ಇರೋದು ಇದ್ದಂಗೆ ಬರ್ಕೊಟ್ರೆ ಸಾಕು. ನಾಳೆ ನನ್ ಮಗ್ಳು ನಿಮ್ ಜೊತೆ ಜಗಳ ಆಡಬಾರ್ದು."

ಎರಡಡಿಯ ಬೆಲೆಯನ್ನು ಗಂಗಾಂಬಿಕೆ ತಾವಾಗಿಯೇ ಇಳಿಸಿದರು. ಇಪ್ಪತ್ತೆಂಟಡಿಗೇ ಕ್ರಯಪತ್ರವಾಯಿತು, ಸಾಕ್ಷಿಗೆ ದೇವರಾಜ್ ಸಹಿ ಹಾಕಿದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ತೆಗೆಯುವಾಗ ಸಣ್ಣಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು.

"ಉಸಿರಾಡವ್ವ, ಇನ್ನು ಮನೆ ನಿಂದೇ" ಎಂದಳು ತೇಜಶ್ರೀ.

ಅರಕಲಗೂಡಿಗೆ ಹೊರಡುವ ದಿನ ಗಂಗಾಂಬಿಕೆ ಬೀಗದ ಕೈಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಕೊಟ್ಟರು. ಆಟೊ ಹತ್ತಿದವರು ಮತ್ತೆ ಇಳಿದು ಬಂದು, "ಹಿತ್ತಲಿನ ಕರಿಬೇವಿಗೆ ವಾರಕ್ಕೊಂದ್ಸಲ ಹುಳಿ ಮಜ್ಜಿಗೆ ಹಾಕಮ್ಮ" ಎಂದರು.

"ಆಕ್ತೀನಿ ಬುಡಿ. ನೀವು ಬಂದಾಗ ಸೊಪ್ಪು ಕಿತ್ಕಂಡೋಗಿ" ಎಂದಳು ಸಣ್ಣಕ್ಕ.

ಮುಂದಿನ ಹುಣ್ಣಿಮೆಗೆ, ಬಾಡಿಗೆ ಮನೆಯಿಂದ ತಂದ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಅವ್ವ, ಮಗಳು ಮನೆ ಹೊಕ್ಕರು.